ಶಿಲುಬೆಯ ನೆರಳಲ್ಲಿ ಮಾಯಾ ದೇವರುಗಳು

1630ರ ದಶಕ. ಗ್ವಾಟೆಮಾಲಾದ ಮಿಕ್ಸ್ಕೊ ಗ್ರಾಮದ ಪಾದ್ರಿ ಥಾಮಸ್ ಗೇಜ್ ಊರಾಚೆಯ ಗುಹೆಯೊಂದನ್ನು ಹೊಕ್ಕಾಗ ಕಂಡದ್ದು ಕಪ್ಪು ಮರದ ಒಂದು ವಿಗ್ರಹ. ಅದರ ಮುಂದೆ ಕಾಣಿಕೆಗಳು. ಅದನ್ನು ಪೂಜಿಸುತ್ತಿದ್ದವರಲ್ಲಿ ಚರ್ಚಿಗೆ ತಪ್ಪದೆ ಬರುವ ಭಕ್ತರೂ ಇದ್ದರು. ಗೇಜ್ ವಿಗ್ರಹವನ್ನು ಚರ್ಚಿಗೆ ತರಿಸಿ, ಸಭೆಯ ಮುಂದೆ ಖಂಡಿಸಿ ಉಪದೇಶ ಮಾಡಿ, ಸುಡಿಸಿಬಿಟ್ಟ. ಆ ಬಳಿಕ ತನ್ನ ಪ್ರಾಣಕ್ಕೇ ಸಂಚಕಾರ ಬಂದಿತೆಂದು ಅವನೇ ಬರೆದಿದ್ದಾನೆ.

ಗೇಜ್ ಇಂಗ್ಲೆಂಡಿನವನು. ಡೊಮಿನಿಕನ್ ಪಂಥದ ಸನ್ಯಾಸಿಯಾಗಿ 1625ರಲ್ಲಿ ಮೆಕ್ಸಿಕೊ ತಲುಪಿದ. ಹನ್ನೆರಡು ವರ್ಷಗಳ ಅಲೆದಾಟದ ನಂತರ ತಾಯ್ನಾಡಿಗೆ ಮರಳಿ ಪ್ರಾಟೆಸ್ಟಂಟನಾದ. 1648ರಲ್ಲಿ ಪ್ರವಾಸಕಥನ ಪ್ರಕಟಿಸಿದ. ಸ್ಪೇನ್ ಮತ್ತು ಕ್ಯಾಥೊಲಿಕ್ ಚರ್ಚು ಎರಡರ ಮೇಲೂ ಅವನಿಗೆ ಹಗೆ ಇದ್ದುದರಿಂದ ಅವನ ಮಾತುಗಳನ್ನು ತೂಗಿ ನೋಡಿಯೇ ಒಪ್ಪಬೇಕು. ಆದರೂ ಅವನ ಒಂದು ಅವಲೋಕನ ಇಂದಿಗೂ ಬೆಲೆಯುಳ್ಳದ್ದು.

ಪ್ರತಿಯೊಬ್ಬ ಮನುಷ್ಯನಿಗೂ ಜೊತೆಗಾರನಾದ ಒಂದು ಪ್ರಾಣಿ ಇರುತ್ತದೆ, ಇಬ್ಬರ ಜೀವವೂ ಒಂದೇ ಎಳೆಯಲ್ಲಿ ಹೆಣೆದಿರುತ್ತದೆ ಎಂಬುದು ಅಲ್ಲಿನ ಮೂಲನಿವಾಸಿಗಳ ನಂಬಿಕೆ. ಚರ್ಚಿನ ಚಿತ್ರಗಳಲ್ಲಿ ಸಂತ ಜೆರೋಮನ ಪಕ್ಕದಲ್ಲಿ ಸಿಂಹ, ಸಂತ ಡೊಮಿನಿಕನ ಬಳಿ ನಾಯಿ, ಸಂತ ಯೊವಾನ್ನನ ಬಳಿ ಹದ್ದು! ಹಾಗಾದರೆ ಈ ಸಂತರೂ ನಮ್ಮವರೇ ಎಂದು ಜನ ಭಾವಿಸಿದರು. ಹೊಸ ಧರ್ಮ ಬಂದು ಹಳೆಯದನ್ನು ಅಳಿಸಲಿಲ್ಲ. ಹಳೆಯದೇ ಹೊಸದನ್ನು ತನ್ನ ರೀತಿಯಲ್ಲಿ ಓದಿಕೊಂಡಿತು.

ಸುಟ್ಟವರು, ಉಳಿಸಿದವರು

ಇದಕ್ಕೂ ಮೊದಲು, 1562ರಲ್ಲಿ, ಯುಕಾಟಾನಿನ ಮಾನಿ ಎಂಬಲ್ಲಿ ಫ್ರಾನ್ಸಿಸ್ಕನ್ ಪಾದ್ರಿ ದಿಯೆಗೊ ದ ಲಾಂಡ ಮಾಯಾ ಗ್ರಂಥಗಳನ್ನೂ ವಿಗ್ರಹಗಳನ್ನೂ ರಾಶಿ ಹಾಕಿ ಬೆಂಕಿಯಿಟ್ಟಿದ್ದ. ಆದರೆ ಎಲ್ಲ ಪಾದ್ರಿಗಳೂ ಬೆಂಕಿ ಹಚ್ಚುವವರಾಗಿರಲಿಲ್ಲ. ಗ್ವಾಟೆಮಾಲಾದ ಚಿಚಿಕಾಸ್ಟೆನಾಂಗೊದಲ್ಲಿದ್ದ ಫ್ರಾನ್ಸಿಸ್ಕೊ ಷಿಮೆನೆಸ್ ಎಂಬ ಡೊಮಿನಿಕನ್ ಪಾದ್ರಿ 1701ರಿಂದ 1703ರ ಸುಮಾರಿಗೆ ಕಿಚೆ ಮಾಯಾ ಜನರ ಸೃಷ್ಟಿಕಥೆಯ ಗ್ರಂಥ 'ಪೊಪೊಲ್ ವೂಹ್' ಅನ್ನು ನಕಲು ಮಾಡಿಕೊಂಡು ಸ್ಪ್ಯಾನಿಷಿಗೆ ಅನುವಾದಿಸಿದ. ಮೂಲ ಹಸ್ತಪ್ರತಿ ಕಳೆದುಹೋಗಿದೆ. ಷಿಮೆನೆಸನ ನಕಲು ಈಗ ಷಿಕಾಗೊದ ನ್ಯೂಬೆರಿ ಗ್ರಂಥಾಲಯದಲ್ಲಿದೆ.

ಅದೇ ಊರಿನ ಸ್ಯಾಂಟೊ ಟೊಮಾಸ್ ಚರ್ಚು ಸುಮಾರು 1540ರಲ್ಲಿ ಕಟ್ಟಿದ್ದು. ಮಾಯಾ ದೇಗುಲದ ಜಗತಿಯ ಮೇಲೆಯೇ ಅದು ನಿಂತಿದೆ ಎಂಬುದು ಪ್ರತೀತಿ. ಇಲ್ಲಿಗೆ ಬರುವ ಪ್ರವಾಸಿಗೆ ಮೊದಲು ಎದುರಾಗುವುದು ಮೆಟ್ಟಿಲುಗಳ ಮೇಲಿನ ಹೊಗೆ. ಕೋಪಲ್ ಎಂಬ ಮರದ ಅಂಟನ್ನು ಅಲ್ಲಿ ನಮ್ಮ ಲೋಬಾನದಂತೆ ಕೆಂಡಕ್ಕೆ ಹಾಕುತ್ತಾರೆ. ಇಲ್ಲಿನ ಸಾಂಪ್ರದಾಯಿಕ ಅರ್ಚಕನ ಕಿಚೆ ಹೆಸರಿನ ಅರ್ಥ 'ತಾಯಿ-ತಂದೆ'. ಆತ 260 ದಿನಗಳ ಪಂಚಾಂಗ ನೋಡಿ ದಿನದ ಗುಣ ಹೇಳುತ್ತಾನೆ. ಒಳಗೆ ಪೂಜಾಪೀಠದ ಬಳಿ ಕ್ಯಾಥೊಲಿಕ್ ಬಲಿಪೂಜೆ ನಡೆದರೆ, ನಡುಹಾದಿಯಲ್ಲಿ ಪಿತೃಗಳಿಗಾಗಿ ಮೇಣದಬತ್ತಿ, ಹೂವಿನ ಎಸಳು, ಮದ್ಯದ ನೈವೇದ್ಯ. ಊರಿನ ಪಕ್ಕದ ಗುಡ್ಡದಲ್ಲಿ ಪಾಸ್ಕುವಲ್ ಅಬಾಹ್ ಎಂಬ ಕಲ್ಲಿನ ದೇವರಿಗೂ ಪೂಜೆ ನಿಂತಿಲ್ಲ.

ಸಮನ್ವಯದ ಇನ್ನೊಂದು ಮುಖ

ಮೆಕ್ಸಿಕೊದ ಚಿಯಾಪಸ್ ರಾಜ್ಯದ ಸಾನ್ ಹುವಾನ್ ಚಮೂಲಾ ಚರ್ಚಿನಲ್ಲಿ ಬೆಂಚುಗಳೇ ಇಲ್ಲ. ನೆಲದ ತುಂಬ ಪೈನ್ ಮರದ ಎಲೆ, ಉರಿಯುವ ಬತ್ತಿಗಳ ಸಾಲು. ರೋಗ ನೀಗಲು ಕೋಳಿ, ಮೊಟ್ಟೆ, ತಂಪು ಪಾನೀಯದ ಬಾಟಲಿ. ಪ್ರವಾಸಿಗೆ ಇದು ಬೆರಗಿನ ನೋಟ. ಆದರೆ ಇದೇ ಊರಿನಲ್ಲಿ 1970ರ ದಶಕದಿಂದ, ಪ್ರಾಟೆಸ್ಟಂಟ್ ಮತಕ್ಕೆ ಸೇರಿದ ಸಾವಿರಾರು ಜನರನ್ನು 'ಸಂಪ್ರದಾಯ ಕೆಡಿಸಿದರು' ಎಂದು ಮನೆಮಠ ಬಿಡಿಸಿ ಓಡಿಸಲಾಯಿತು. ಹಬ್ಬದ ಖರ್ಚು, ಮದ್ಯದ ವ್ಯಾಪಾರ, ಊರ ಯಜಮಾನಿಕೆ ಎಲ್ಲವೂ ಆ ಜಗಳದಲ್ಲಿ ಬೆರೆತಿದ್ದವು. ಒಂದು ಕಾಲಕ್ಕೆ ಗುಹೆಯಲ್ಲಿ ಅಡಗಿ ಉಳಿದ ನಂಬಿಕೆ ಅಧಿಕಾರ ಕೈಗೆ ಬಂದಾಗ ಬೇರೆಯವರನ್ನು ಅಡಗಿಸಲೂ ಹಿಂಜರಿಯಲಿಲ್ಲ.

ಗ್ವಾಟೆಮಾಲಾದಲ್ಲಿ 36 ವರ್ಷಗಳ ಅಂತರ್ಯುದ್ಧ 1996ರಲ್ಲಿ ಮುಗಿಯಿತು. ಮಾಯಾ ಜನರ ಅಧ್ಯಾತ್ಮವನ್ನು ಗೌರವಿಸಬೇಕೆಂಬ ಮಾತು ಶಾಂತಿ ಒಪ್ಪಂದಗಳಲ್ಲಿ ಸೇರಿತು. ಮಿಕ್ಸ್ಕೊದ ಪಾದ್ರಿ ಸುಟ್ಟದ್ದು ಒಂದು ಮರದ ತುಂಡನ್ನು ಮಾತ್ರ. ಮೆಟ್ಟಿಲ ಮೇಲಿನ ಕೋಪಲ್ ಹೊಗೆ ಇನ್ನೂ ಏಳುತ್ತಲೇ ಇದೆ.