ಸೊಲ್ಲಾಪುರ-ಅಕ್ಕಲಕೋಟೆ ಸೀಮೆಯ ಕೆರೆಗಳೂ ನೀರುಹಕ್ಕಿಗಳೂ

ಸೊಲ್ಲಾಪುರ, ಅಕ್ಕಲಕೋಟೆಗಳ ಸೀಮೆಯು ಸಹ್ಯಾದ್ರಿಯ ಮಳೆನೆರಳಿನಲ್ಲಿರುವ ಎರೆಭೂಮಿ. ಇಲ್ಲಿ ಬಿಳಿಜೋಳದ ಹೊಲಗಳುಂಟು, ಕುರಿ ಮೇಯುವ ಮರಡಿಗಳುಂಟು; ತಾನಾಗಿ ಹುಟ್ಟಿದ ದೊಡ್ಡ ಸರೋವರವಿಲ್ಲ. ಆದರೂ ಚಳಿಗಾಲ ಕಾಲಿಟ್ಟೊಡನೆ ಹಿಮಾಲಯದಾಚೆಯ ಹಕ್ಕಿಗಳು ಈ ಬರಸೀಮೆಯನ್ನು ಅರಸಿಕೊಂಡು ಬರುತ್ತವೆ. ಇದರ ಕಾರಣವನ್ನು ನಿಸರ್ಗಕ್ಕಿಂತ ಇತಿಹಾಸದಲ್ಲಿ ಹುಡುಕುವುದು ಲೇಸು. ಇಲ್ಲಿಯ ದೊಡ್ಡ ಜಲಾಶಯಗಳೆಲ್ಲ ಮನುಷ್ಯನು ಕಟ್ಟಿ ನಿಲ್ಲಿಸಿದವು.

ಹನ್ನೆರಡನೆಯ ಶತಮಾನದಲ್ಲಿ ಸೊಲ್ಲಾಪುರಕ್ಕೆ ಸೊನ್ನಲಿಗೆಯೆಂಬ ಹೆಸರಿತ್ತು. ಶಿವಯೋಗಿ ಸಿದ್ಧರಾಮನು ಅಲ್ಲಿ ಗುಡಿ ಕಟ್ಟಿಸಿ ಕೆರೆ ಅಗೆಯಿಸಿದ ಸಂಗತಿ ರಾಘವಾಂಕನ ಕಾವ್ಯದಿಂದ ನಮಗೆಲ್ಲ ಪರಿಚಿತ. ಅಲ್ಲಮಪ್ರಭು ಸೊನ್ನಲಿಗೆಗೆ ಬಂದಾಗಲೂ ಅಲ್ಲಿ ಕೆರೆಯ ಕೆಲಸವೇ ನಡೆದಿತ್ತೆಂದು ಶೂನ್ಯಸಂಪಾದನೆ ಹೇಳುತ್ತದೆ. ಬರಸೀಮೆಯಲ್ಲಿ ಕೆರೆ ಕಟ್ಟಿಸುವುದಕ್ಕಿಂತ ಹಿರಿದಾದ ಜೀವದಯೆ ಇನ್ನಾವುದಿದ್ದೀತು? ಆ ದಯೆಯಲ್ಲಿ ಹಕ್ಕಿಗಳಿಗೂ ಪಾಲು ಸಂದಿತು.

ಅನಂತರದ ಕಾಲದಲ್ಲಿಯೂ ಈ ಪರಂಪರೆ ಮುಂದುವರಿಯಿತು. ವಿಜಯಪುರದ ಎರಡನೆಯ ಇಬ್ರಾಹಿಂ ಆದಿಲಶಾಹನ ಆಳಿಕೆಯಲ್ಲಿ, 1613ರಲ್ಲಿ, ನಳದುರ್ಗದ ಕೋಟೆಯೊಳಗೆ ಬೋರಿ ನದಿಗೆ ಕಲ್ಲಿನ ಒಡ್ಡು ಬಿದ್ದಿತು. ಅದೇ ಬೋರಿ ಕೆಳಗಿಳಿದು ಅಕ್ಕಲಕೋಟೆ ತಾಲೂಕಿಗೆ ಬಂದಾಗ, ಸ್ವಾತಂತ್ರ್ಯಾನಂತರ ಕಟ್ಟಿದ ಕುರನೂರ ಅಣೆಕಟ್ಟಿನಲ್ಲಿ ನಿಲ್ಲುತ್ತದೆ. ಸೊಲ್ಲಾಪುರದ ಬಳಿಯ ಏಕರೂಖ ಕೆರೆ, ಜನರ ಬಾಯಲ್ಲಿ ಹಿಪ್ಪರಗಿ ಕೆರೆ, ಆಂಗ್ಲ ಸರಕಾರದ ಕಾಲದಲ್ಲಿ 1871ರಲ್ಲಿ ಮುಗಿಯಿತು. ಭೀಮೆಗೆ ಕಟ್ಟಿದ ಉಜನಿ ಅಣೆಕಟ್ಟು 1980ರಲ್ಲಿ ಪೂರ್ಣಗೊಂಡಿತು. ಇವನ್ನು ಕಟ್ಟಿಸಿದವರ ಮನಸ್ಸಿನಲ್ಲಿ ಕೋಟೆಯಿತ್ತು, ಪೈರಿತ್ತು, ಪಟ್ಟಣದ ಬಾಯಾರಿಕೆಯಿತ್ತು. ಹಕ್ಕಿಗಳು ಕರೆಯದೆ ಬಂದ ಬೀಗರು.

ಇನ್ನು ಹಕ್ಕಿಗೆ ಬೇಕಾದ ನೀರು ಎಂತಹದೆಂಬುದನ್ನು ನೋಡಬೇಕು. ತುಂಬಿ ತುಳುಕುವ ಆಳವಾದ ಕೆರೆ ನೀರುಕಾಗೆಗೂ ಮುಳುಗು ಹಾಕುವ ಬಾತುಗಳಿಗೂ ಒಪ್ಪೀತು. ಕಾಲೂರಿ ಮೇಯುವ ಕೊಕ್ಕರೆಗೆ, ಉದ್ದಗಾಲಿನ ಕೆಸರುಹಕ್ಕಿಗಳಿಗೆ ಅದರಿಂದ ಪ್ರಯೋಜನವಿಲ್ಲ. ಮಳೆ ನಿಂತು ನೀರು ಹಿಂದೆ ಸರಿದಂತೆ ಅಂಚಿನಲ್ಲಿ ತೆಳುನೀರೂ ಕೆಸರೂ ತೆರೆದುಕೊಳ್ಳುತ್ತವೆ. ಹುಳು, ಸೀಗಡಿ, ಪಾಚಿಗಳ ಆ ಪಟ್ಟಿಯೇ ಅವುಗಳ ಉಗ್ರಾಣ. ಉಜನಿಯ ಹಿನ್ನೀರಿಗೆ ರಾಜಹಂಸಗಳು ಇಳಿಯುವುದು ಇದಕ್ಕಾಗಿ. ಪಟ್ಟೆತಲೆಯ ಹೆಬ್ಬಾತು ಹಗಲೆಲ್ಲ ಇಂತಹ ಕೆರೆಯಲ್ಲಿ ತಂಗಿ, ನಸುಕಿಗೂ ಸಂಜೆಗೂ ಸುತ್ತಲಿನ ಹೊಲಗಳಲ್ಲಿ ಮೇಯುತ್ತದೆ. ನಮ್ಮ ಕವಿಗಳು ಇರುಳಿನ ವಿರಹಿಯೆಂದು ಬಣ್ಣಿಸಿದ ಚಕ್ರವಾಕವೂ ಮಧ್ಯ ಏಷ್ಯದಿಂದ ಬರುವ ಚಳಿಗಾಲದ ಅತಿಥಿಯೇ.

ಆದರೆ ನೀರು ತಂದುದೆಲ್ಲ ಲಾಭವೇ ಎಂದು ತಿಳಿಯಲಾಗದು. ಈ ಸೀಮೆಯ ಮೂಲನಿವಾಸಿಯೆನ್ನಬಹುದಾದ ಎರೆಭೂತ, ಮರಾಠಿಯಲ್ಲಿ ಮಾಳಢೋಕ, ಒಣ ಹುಲ್ಲುಬಯಲಿನ ಹಕ್ಕಿ. ಅದರ ರಕ್ಷಣೆಗಾಗಿ 1979ರಲ್ಲಿ ಸೊಲ್ಲಾಪುರದ ಸಮೀಪದ ನಾನ್ನಜವನ್ನು ಒಳಗೊಂಡ ಅಭಯಾರಣ್ಯ ಘೋಷಿತವಾಯಿತು. ಕಾಲುವೆ, ಕೊಳವೆಬಾವಿಗಳ ಬಲದಿಂದ ಕಬ್ಬು ಹಬ್ಬಿದಲ್ಲೆಲ್ಲ ಹುಲ್ಲು ಹಿಂದೆ ಸರಿಯಿತು. ಈಗ ಅಲ್ಲಿ ಆ ಹಕ್ಕಿಯ ದರ್ಶನವೇ ದುರ್ಲಭ. ಒಂದು ಹಕ್ಕಿಗೆ ಮನೆ ಕೊಟ್ಟ ನೀರು ಇನ್ನೊಂದರ ಮನೆ ಕಿತ್ತುಕೊಂಡಿತು. ಆದುದರಿಂದ ಕೆರೆಯನ್ನು ಕಾಯುವವರು ಮರಡಿಯನ್ನೂ ಕಾಯಬೇಕು; ಬರಿಯ ಹುಲ್ಲುನೆಲ ಪಾಳುನೆಲವೆಂಬ ಭಾವನೆ ಅಳಿಯಬೇಕು.

ಕೆರೆಗಳಿಗೂ ಕೇಡು ತಪ್ಪಿಲ್ಲ. ಹೂಳು ತುಂಬಿ ಪಾತ್ರ ಮೇಲೇಳುತ್ತದೆ. ನೀರು ಸರಿದ ಅಂಚನ್ನು ಉಳುಮೆ ನುಂಗುತ್ತದೆ. ಪಟ್ಟಣದ ಬಚ್ಚಲುನೀರು ಸೇರಿದ ಕಡೆ ಅಂತರಗಂಗೆ ಹಬ್ಬಿ ನೀರಿನ ಮೈಯನ್ನೇ ಮುಚ್ಚುತ್ತದೆ. ನಿಸರ್ಗವು ನಿರ್ಮಿಸಿದ ಸರೋವರ ತನ್ನನ್ನು ತಾನು ಕಾದುಕೊಂಡೀತು. ಕೈಯಿಂದ ಕಟ್ಟಿದ ಕೆರೆ ಕೈಬಿಟ್ಟ ದಿನದಿಂದಲೇ ಹಾಳಾಗತೊಡಗುತ್ತದೆ. ಹೂಳೆತ್ತುವಾಗಲೂ ಕೆರೆಯನ್ನೆಲ್ಲ ಒಂದೇ ಆಳಕ್ಕೆ ತೋಡದೆ, ಅಂಚಿನ ಇಳಿಜಾರನ್ನು ಉಳಿಸುವ ವಿವೇಕ ಬೇಕು.

ಈ ಕಾರ್ಯದಲ್ಲಿ ಗಡಿನಾಡಿನ ಶಿಕ್ಷಕರ ಪಾತ್ರ ಸಣ್ಣದಲ್ಲ. ಕೆರೆಯ ಬಳಿಯ ಪ್ರತಿಯೊಂದು ಶಾಲೆಯೂ ಒಂದು ದಾಖಲೆಪುಸ್ತಕವನ್ನಿಟ್ಟು, ಯಾವ ಹಕ್ಕಿ ಎಂದು ಬಂದಿತು, ಎಷ್ಟು ಬಂದವು, ಎಂದು ಮರಳಿದವು ಎಂಬುದನ್ನು ಮಕ್ಕಳ ಕೈಯಿಂದ ಬರೆಯಿಸಿದರೆ ಹತ್ತು ವರ್ಷಗಳಲ್ಲಿ ಅದು ಅಮೂಲ್ಯ ಆಧಾರವಾದೀತು. ಹಿರಿಯರ ಬಾಯಲ್ಲಿ ಉಳಿದಿರುವ ಹಕ್ಕಿಗಳ ಕನ್ನಡ ಹೆಸರುಗಳನ್ನೂ ಮರಾಠಿ ಹೆಸರುಗಳನ್ನೂ ಅದೇ ಪುಸ್ತಕದಲ್ಲಿ ಕೂಡಿಡಬೇಕು. ಹೆಸರು ಮರೆತ ಹಕ್ಕಿ ಕಾಣೆಯಾದರೆ ಅದನ್ನು ಕೇಳುವವರೂ ಇರುವುದಿಲ್ಲ.