ಬಂಡೆಯ ಮೇಲಿನ ಸರ್ಕಾರಿ ಪ್ರಕಟಣೆ

ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ಹಾದಿಯಲ್ಲಿ ಮಸ್ಕಿ ಸಿಗುತ್ತದೆ. ಇಲ್ಲಿನ ಬೆಟ್ಟದಲ್ಲಿ 1915ರಲ್ಲಿ ಚಿನ್ನದ ಗಣಿ ಎಂಜಿನಿಯರ್ ಸಿ. ಬೀಡನ್ ಕಂಡ ಶಾಸನ, 'ದೇವಾನಾಂಪ್ರಿಯ'ನೆಂದರೆ ಅಶೋಕನೇ ಎಂಬುದನ್ನು ಖಚಿತಪಡಿಸಿತು. ಶಾಲೆಯ ಪಾಠ ಇಲ್ಲಿಗೇ ನಿಲ್ಲುತ್ತದೆ. ಆದರೆ ಅದು ಜನರ ಮನಸ್ಸನ್ನು ತಿದ್ದಲು ಪ್ರಭುತ್ವ ಹೊರಡಿಸಿದ ಪ್ರಕಟಣೆಯೂ ಹೌದು.

ಧರ್ಮದಲ್ಲಿ ತೊಡಗಿದರೆ ಸಣ್ಣವನಿಗೂ ಶ್ರೇಯಸ್ಸು ಸಾಧ್ಯ. ಇದನ್ನು ಸಣ್ಣವರಿಗೂ ದೊಡ್ಡವರಿಗೂ ತಿಳಿಸಬೇಕು ಎನ್ನುತ್ತದೆ ಶಾಸನ. ಓದಬಲ್ಲವರು ವಿರಳವಾಗಿದ್ದ ಕಾಲದಲ್ಲಿ ತಿಳಿಸುವುದು ಹೇಗೆ? ಕರ್ನೂಲು ಜಿಲ್ಲೆಯ ಎರ್ರಗುಡಿ ಶಾಸನದಲ್ಲಿ ಉತ್ತರವಿದೆ. ರಜ್ಜುಕನೆಂಬ ಅಧಿಕಾರಿ ಭೇರಿ ಬಾರಿಸಿ ನಾಡವರಿಗೆ ಆಜ್ಞೆಯನ್ನು ಸಾರಬೇಕು. ನಮ್ಮ ಹಳ್ಳಿಗಳಲ್ಲಿ ಡಂಗುರ ಸಾರುತ್ತಿದ್ದುದೂ ಹೀಗೆಯೇ.

ಪ್ರಚಾರದಲ್ಲಿ ಹೇಳುವುದರಷ್ಟೇ ಮುಖ್ಯವಾದದ್ದು ಹೇಳದೆ ಬಿಡುವುದು. ಕಳಿಂಗ ಯುದ್ಧದಲ್ಲಿ ಲಕ್ಷ ಜನ ಹತರಾದರೆಂದು ಮರುಗುವ 13ನೇ ಶಿಲಾಶಾಸನ ಗಿರ್ನಾರ್, ಎರ್ರಗುಡಿಗಳಲ್ಲಿದೆ. ಕಳಿಂಗದ್ದೇ ಆದ ಧೌಲಿ, ಜೌಗಡಗಳಲ್ಲಿ ಇಲ್ಲ. ಅಲ್ಲಿ ಅದರ ಜಾಗದಲ್ಲಿ, ಪ್ರಜೆಗಳೆಲ್ಲರೂ ತನಗೆ ಮಕ್ಕಳೆಂಬ ಸಾಂತ್ವನವಿದೆ.

ಅಶೋಕನ ಕಳಕಳಿ ಸುಳ್ಳೆನ್ನಬೇಕಿಲ್ಲ. ಆದರೆ ಗಾಯಗೊಂಡವರ ಎದುರಿಗೇ ಪಶ್ಚಾತ್ತಾಪದ ಮಾತು ಕಾಣೆಯಾಗಿದೆ. ಸರ್ಕಾರದ ಯಾವುದೇ ಪ್ರಕಟಣೆ ಓದುವಾಗಲೂ ಅದು ಯಾರೆದುರು ಏನನ್ನು ಬಿಟ್ಟಿದೆ ಎಂದು ಕೇಳಿಕೊಳ್ಳುವುದು ಒಳ್ಳೆಯದು.