ಕಾಳಿಯ ಮರ್ದನ (1919)

ದಾದಾಸಾಹೇಬ್ ಫಾಲ್ಕೆ ನಿರ್ದೇಶಿಸಿದ ಪೌರಾಣಿಕ ಮೂಕಿಚಿತ್ರ. ನಿರ್ಮಾಣ, ನಾಸಿಕದ ಹಿಂದೂಸ್ತಾನ್ ಸಿನಿಮಾ ಫಿಲ್ಮ್ಸ್ ಕಂಪನಿ. ಫಾಲ್ಕೆಯವರ ಮಗಳು ಮಂದಾಕಿನಿ ಬಾಲಕೃಷ್ಣನ ಪಾತ್ರಧಾರಿ. ಯಮುನೆಯ ಮಡುವಿಗೆ ಧುಮುಕಿದ ಕೃಷ್ಣ ನೀರಿನಾಳದಲ್ಲಿ ಕಾಳಿಯ ಸರ್ಪದೊಡನೆ ಸೆಣಸುವ ದೃಶ್ಯ ಚಿತ್ರದ ಮುಖ್ಯ ಆಕರ್ಷಣೆ. ಕಂಪ್ಯೂಟರ್ ಇಲ್ಲದ ಆ ಕಾಲದಲ್ಲಿ ಕೃತಕ ಸರ್ಪ ಮತ್ತು ಕ್ಯಾಮೆರಾ ಚಮತ್ಕಾರಗಳೇ ಇಂಥ ದೃಶ್ಯಕ್ಕೆ ಆಧಾರ. ಏಳು ದಶಕಗಳ ಬಳಿಕ ಜೇಮ್ಸ್ ಕ್ಯಾಮರೂನ್ ತಮ್ಮ ವೈಜ್ಞಾನಿಕ ಕಲ್ಪನಾಚಿತ್ರ ‘ದಿ ಅಬಿಸ್’ (1989)ನ ಇಂಥದೇ ನೀರಿನಾಳದ ದೃಶ್ಯಗಳನ್ನು ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ, ಅರ್ಧಕ್ಕೆ ನಿಂತ ಅಣುಸ್ಥಾವರದ ಬೃಹತ್ ತೊಟ್ಟಿಗೆ ನೀರು ತುಂಬಿಸಿ ಚಿತ್ರೀಕರಿಸಿದರು. ಆ ಚಿತ್ರದಲ್ಲಿ ಕಂಪ್ಯೂಟರ್ ಸೃಷ್ಟಿಯ ನೀರಿನ ಜೀವಿಯೂ ಇತ್ತು. ಫಾಲ್ಕೆ ಚಿತ್ರದ ಉಳಿದ ಭಾಗಗಳು ಪುಣೆಯಲ್ಲಿ 1964ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿವೆ. ಫಾಲ್ಕೆ ಚಿತ್ರಗಳ ಸಂರಕ್ಷಣೆಯಲ್ಲಿ ಅಲ್ಲಿನ ನಿರ್ದೇಶಕರಾಗಿದ್ದ ಪಿ.ಕೆ. ನಾಯರ್ ಅವರ ಪಾತ್ರ ಹಿರಿದು.